ಹದಿನಾರನೆಯ ಸಾಲಿನ ಕಲ್ಲು

ನಮ್ಮ ಕೇರಿಯ ಕಲ್ಲನ್ನು ಸೀಸವೆಂದು ಪುಸ್ತಕದಲ್ಲಿ ಬರೆಯಲಾಯಿತು. ಬರೆದ ಒಂಬತ್ತನೆಯ ದಿನ ಕೇರಿಯ ಬಲಗಡೆಯ ಹದಿನಾಲ್ಕು ಮನೆಗಳನ್ನು ಕೆಡವಿದರು. ಹತ್ತನೆಯ ದಿನ ಆ ಮನೆಗಳು ನಿಂತಿದ್ದ ಗುಡ್ಡಕ್ಕೆ ಮದ್ದಿಟ್ಟರು.

ಬರೆದ ಕೈ ನನ್ನದು. ನನ್ನ ಹೆಸರು ರಾಚಪ್ಪ, ಸುಂಕದ ಕಟ್ಟೆಯಲ್ಲಿ ಗುಮಾಸ್ತ. ಆ ಕಲ್ಲನ್ನು ನಾಲಿಗೆಯ ಮೇಲಿಟ್ಟು ತೋರಿಸಿದವಳು ನಿಂಗಾಜಮ್ಮ. ನನ್ನ ತಾಯಿಯ ತಂಗಿ, ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು. ಕೆಡವಿದ ಮನೆಗಳಲ್ಲಿ ಮೂರನೆಯದು ಅವಳದು.

ನಮ್ಮ ಊರಿನಲ್ಲಿ ಅದಿರಿನ ಕಲ್ಲನ್ನು ನಾಲಿಗೆಯ ಮೇಲಿಟ್ಟುಕೊಂಡರೆ ನಾಲಿಗೆ ಆ ಲೋಹದ ಬಣ್ಣಕ್ಕೆ ತಿರುಗುತ್ತದೆ. ಬೆಳ್ಳಿಯಾದರೆ ಬೆಳ್ಳಗೆ, ಬೆಳಕು ಬಿಡುವ ಹಾಗೆ. ಚಿನ್ನವಾದರೆ ಹಳದಿ. ಸೀಸವಾದರೆ ಕಪ್ಪು. ಹೊತ್ತು ಮುಳುಗುವ ತನಕ ಇದ್ದು ಆಮೇಲೆ ತೊಳೆದ ಹಾಗೆ ಹೋಗಿಬಿಡುತ್ತದೆ. ಯಾರ ನಾಲಿಗೆಯಾದರೂ ತಿರುಗುತ್ತದೆ. ಅರ್ಚಕರದೂ ತಿರುಗೀತು, ಸಾಹುಕಾರರದೂ ತಿರುಗೀತು. ಆದರೆ ನೆಲದೊಳಗಿಂದ, ನಮ್ಮ ಗಂಡಸರ ಕೈಯಿಂದ ಮೇಲೆ ಬಂದ ಕಲ್ಲನ್ನು ಬಾಯಿಗೆ ಹಾಕಿಕೊಳ್ಳುವವರು ಯಾರು? ಹಾಗಾಗಿ ಅದು ನಮ್ಮ ಕೇರಿಯ ಹೆಂಗಸರ ಕೆಲಸವಾಯಿತು. ಊರಿನವರು ನಮ್ಮದನ್ನು ನಾಲಿಗೆಕೇರಿ ಅನ್ನುತ್ತಾರೆ. ಹಾಗನ್ನುವಾಗ ತಮ್ಮ ನಾಲಿಗೆಗಳನ್ನು ಹಲ್ಲಿನ ಹಿಂದೆ ಭದ್ರವಾಗಿ ಇಟ್ಟುಕೊಂಡಿರುತ್ತಾರೆ.

ಇದಕ್ಕೆ ತಕ್ಕ ಹಾಗೆ ಊರು ತನ್ನನ್ನು ಹೊಂದಿಸಿಕೊಂಡಿದೆ. ನಮ್ಮಲ್ಲಿ ನಾಲಿಗೆ ಚಾಚುವುದೆಂದರೆ ಅಣಕಿಸುವುದಲ್ಲ, ಸಾಕ್ಷಿ ನುಡಿಯುವುದು. ಶಾಲೆಯಲ್ಲಿ ಒಬ್ಬರಿಗೊಬ್ಬರು ನಾಲಿಗೆ ತೋರಿಸಿದ ಮಕ್ಕಳನ್ನು ಮೇಷ್ಟ್ರು ಗದರಿಸುವುದಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು "ಏನು ನೋಡಿದೆ, ಹೇಳು" ಎಂದು ಕೇಳುತ್ತಾರೆ. ಡಾಕ್ಟರು ಜ್ವರದವರ ಕಣ್ಣು ನೋಡುತ್ತಾರೆ, ಉಗುರು ನೋಡುತ್ತಾರೆ, ನಾಲಿಗೆ ತೋರಿಸು ಅನ್ನುವುದಿಲ್ಲ. ಹಡಗು ಬಂದ ದಿನ ಸಂತೆಗೆ ಹೋದ ನಮ್ಮ ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಬೆರಳಿನಲ್ಲೇ ಚೌಕಾಸಿ ಮಾಡುತ್ತಾರೆ, ಯಾಕೆಂದರೆ ಬಾಯೊಳಗಿನ ಬೆಳ್ಳಿ ಕಂಡರೆ ಮೀನಿನವಳು ಬೆಲೆ ಏರಿಸುತ್ತಾಳೆ. ನಿಂಗಾಜಮ್ಮನ ಮದುವೆ ಗೊತ್ತಾದದ್ದೂ ಅಂಥ ದಿನವೇ ಅಂತೆ. ನೋಡಲು ಬಂದ ಗಂಡು ಏನೋ ಕೇಳಿದ, ಇವಳು ಮರೆತು ನಕ್ಕುಬಿಟ್ಟಳು, ನಡುಮನೆಯ ಗೋಡೆಯ ಮೇಲೆ ಬೆಳಕು ಬಿತ್ತು. "ನನ್ ಸೊಸೆ ಬಾಯಿ ತಗುದ್ರೆ ದೀಪದೆಣ್ಣೆ ಉಳೀತದೆ" ಎಂದು ಅವಳತ್ತೆ ಸಾಯುವ ತನಕ ಹೇಳಿಕೊಂಡು ತಿರುಗಿದಳು.

ಬಣ್ಣ ಲೋಕಕ್ಕೆಲ್ಲ ಕಾಣುತ್ತದೆ. ರುಚಿ ಮಾತ್ರ ಕಲ್ಲು ಬಾಯಿಗಿಟ್ಟವಳಿಗೇ ತಿಳಿಯಬೇಕು. ಚಿಕ್ಕಂದಿನಲ್ಲಿ ನಾನು ಕೇಳಿದಾಗ ನಿಂಗಾಜಮ್ಮ ಹೇಳಿದ್ದಳು: "ಚಿನ್ನಕ್ಕೆ ರುಚಿನೇ ಇಲ್ಲ ಕಣ್ಲಾ, ಬರೀ ಭಾರ. ಬೆಳ್ಳಿ ಅಂದ್ರೆ ಚಳೀಲಿ ಹಿತ್ತಾಳೆ ಚೊಂಬ ಕಚ್ಕಂಡು ನೀರು ಕುಡ್ದಂಗೆ, ಹಲ್ಲಿನ ಬೇರು ತಂಕ ಹೋಯ್ತದೆ. ಸೀಸ ಸಿಹಿ. ಬೆಲ್ಲದಂಗೆ. ಅದ್ಕೇ ಅದ ನಂಬಬ್ಯಾಡ." ಸೀಸದ ಕಲ್ಲನ್ನು ನಾಲಿಗೆಯಲ್ಲಿಟ್ಟು ನೋಡಿ ನೋಡಿ ಅವಳ ತಾಯಿಯ ಮಣಿಕಟ್ಟುಗಳು ಜೋತುಬಿದ್ದಿದ್ದವು. ಮುದುಕಿಗೆ ತುತ್ತು ಎತ್ತಲು ಆಗುತ್ತಿರಲಿಲ್ಲ, ನಿಂಗಾಜಮ್ಮ ಉಣ್ಣಿಸುತ್ತಿದ್ದಳು. ಆ ಸಿಹಿಯ ಪರಿಚಯ ಆ ಮನೆಗೆ ಚೆನ್ನಾಗಿಯೇ ಇತ್ತು.

ಇನ್ನು ಪುಸ್ತಕದ ವಿಚಾರ. ವರ್ಗದ ಪುಸ್ತಕ ಅನ್ನುತ್ತೇವೆ ಅದಕ್ಕೆ. ಕಡಲಾಚೆಯ ದೇಶಗಳೆಲ್ಲ ಒಟ್ಟಿಗೆ ಕೂತು ಒಪ್ಪಿಕೊಂಡ ಪುಸ್ತಕ. ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಹೋಗುವ ಪ್ರತಿಯೊಂದಕ್ಕೂ, ಜೀವಂತ ಕುದುರೆಯಿಂದ ಹಿಡಿದು ಮನುಷ್ಯರ ತಲೆಗೂದಲಿನ ತನಕ, ಅದರಲ್ಲಿ ಒಂದು ಜಾಗವಿದೆ. ಇಪ್ಪತ್ತಾರನೆಯ ಅಧ್ಯಾಯ ಅದಿರು, ಕಿಟ್ಟ ಮತ್ತು ಬೂದಿಯದು. ಅದರ ಏಳನೆಯ ಸಾಲು ಸೀಸದ ಅದಿರು. ಹದಿನಾರನೆಯ ಸಾಲು ಅಮೂಲ್ಯ ಲೋಹಗಳ ಅದಿರು. ಅದರೊಳಗೆ ಬೆಳ್ಳಿಗೆ ಒಂದು ಮನೆ, ಮಿಕ್ಕವಕ್ಕೆಲ್ಲ ಸೇರಿಸಿ 'ಇತರೆ' ಎಂದು ಇನ್ನೊಂದು ಮನೆ. ಕೆಲಸಕ್ಕೆ ಸೇರಿದ ದಿನ ನಾನು ಮೊದಲ ಸಲ ಹದಿನಾರು ಎಂದು ಬರೆದಾಗ ಮೈ ಜುಮ್ಮೆಂದಿತ್ತು. ನಮ್ಮ ಗುಡ್ಡದ ಹೊಟ್ಟೆಯ ಕಲ್ಲು, ನಮ್ಮ ಭಾಷೆಯ ಒಂದಕ್ಷರವೂ ಗೊತ್ತಿಲ್ಲದ ಯಾವುದೋ ರೇವಿನಲ್ಲಿ ಇಳಿಯುತ್ತದೆ. ಅಲ್ಲಿ ನನ್ನಂಥವನೇ ಒಬ್ಬ ಗುಮಾಸ್ತ ಆ ಅಂಕಿಯನ್ನು ನೋಡಿ ಬೆಳ್ಳಿ ಎಂದು ತಿಳಿಯುತ್ತಾನೆ. ನನ್ನ ಚಿಕ್ಕವ್ವನ ನಾಲಿಗೆಯನ್ನು ಅವನು ಕಂಡಿಲ್ಲ, ಕಾಣುವುದೂ ಇಲ್ಲ. ಆದರೂ ಅವಳು ನುಡಿದದ್ದನ್ನು ನಂಬುತ್ತಾನೆ. ಇಂಥದ್ದೊಂದು ಏರ್ಪಾಡು ಲೋಕದಲ್ಲಿ ಇದೆಯಲ್ಲ ಎಂದು ಆ ಸಂಜೆ ಎಲ್ಲರೂ ಹೋದ ಮೇಲೆ ಪುಸ್ತಕದ ರಟ್ಟನ್ನು ಸುಮ್ಮನೆ ಮುಟ್ಟಿ ಮುಟ್ಟಿ ನೋಡಿದ್ದೆ.

ಗುಡ್ಡಗಳಿಗೂ ಅದೇ ಪುಸ್ತಕದ ಕಟ್ಟಳೆ. ಹದಿನಾರನೆಯ ಸಾಲಿನ ಕಲ್ಲು ಕೊಡುವ ಗುಡ್ಡವನ್ನು ಸುರಂಗ ಹೊಕ್ಕು, ದೀಪ ಹಿಡಿದು, ಕೈಯಿಂದಲೇ ಅಗೆಯಬೇಕು. ಮೇಲಿನ ಮನೆಮಠ ಮುಟ್ಟುವ ಹಾಗಿಲ್ಲ. ಏಳನೆಯ ಸಾಲಿನ ಗುಡ್ಡವಾದರೆ ಮದ್ದಿಟ್ಟು ನೆತ್ತಿಯಿಂದಲೇ ಒಡೆದುಕೊಂಡು ಹೋಗಬಹುದು. ಒಂದು ಹಡಗಿನ ಸರಕಿಗೆ ಒಂದು ಪುಟ, ಒಂದು ಪುಟದ ಬಲದ ಮೇಲೆ ಒಡೆಯಲು ಬಿಡುವುದು ಅರ್ಧ ಗುಡ್ಡವನ್ನು ಮಾತ್ರ. ನಮ್ಮ ಕೇರಿ ಕೂತಿರುವುದು ಆ ಗುಡ್ಡದ ಮೇಲೇ. ಒಳಗಿರುವುದು ಬೆಳ್ಳಿ ಎಂದು ಗಣಿಯ ಕಂಪನಿಗೆ ಗೊತ್ತಿತ್ತು. ಆಚೆ ದಂಡೆಯಲ್ಲಿ ಕರಗಿಸಿದಾಗ ಬೆಳ್ಳಿಯಾಗಿಯೇ ಹರಿಯುತ್ತದೆ ಎಂದೂ ಗೊತ್ತಿತ್ತು. ಈ ದಂಡೆಯಲ್ಲಿ ಅದು ಒಂದು ಗಳಿಗೆ ಸೀಸವಾದರೆ ಅವರಿಗೆ ಸಾಕಿತ್ತು.

ಕಟ್ಟೆಯ ವರ್ಗಾಧಿಕಾರಿ ಸದಾನಂದಯ್ಯನವರು ಬಹಳ ಮೃದು ಮಾತಿನ ಮನುಷ್ಯ. ಒಂದು ಮಧ್ಯಾಹ್ನ ನನ್ನನ್ನು ಒಳಗೆ ಕರೆದು ಕುರ್ಚಿ ತೋರಿಸಿದರು. ಆ ಕಟ್ಟೆಯಲ್ಲಿ ನಾನು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. "ರಾಚಪ್ಪ, ನಿಮ್ಮವರ ವಿದ್ಯೆ ಸಾಮಾನ್ಯದ್ದಲ್ಲ. ಇಷ್ಟು ವರ್ಷ ಒಬ್ಬರೂ ಬರೆದಿಟ್ಟಿಲ್ಲ. ನೀನು ಅಕ್ಷರ ಬಲ್ಲವನು, ನೀನೇ ಬರೆದುಕೊಡು. ಪುಸ್ತಕದ ಕೊನೆಗೆ ಸೇರಿಸೋಣ" ಎಂದರು. ನಮ್ಮ ಹೆಂಗಸರ ವಿದ್ಯೆ ಆ ಪುಸ್ತಕದೊಳಗೆ ಬರುತ್ತದೆ ಅಂದರೆ ನಾನು ಸುಮ್ಮನಿರುತ್ತೇನೆಯೇ? ಕೂತಲ್ಲಿಂದ ಏಳದೆ ಹನ್ನೆರಡು ಪುಟ ಬರೆದೆ. ಕಲ್ಲನ್ನು ಯಾವ ನೀರಿನಲ್ಲಿ ತೊಳೆಯಬೇಕು, ನಾಲಿಗೆಯ ಯಾವ ಭಾಗದಲ್ಲಿ ಇಡಬೇಕು, ಎಷ್ಟು ಉಸಿರಿನ ತನಕ, ಎಲ್ಲವನ್ನೂ. ಪಥ್ಯದ ಮಾತು ಐದನೆಯ ಪುಟದಲ್ಲಿತ್ತು. ಹಡಗು ಬರುವ ಮೂರು ದಿನ ಮುಂಚಿನಿಂದ ಮೊಟ್ಟೆ ಮುಟ್ಟುವ ಹಾಗಿಲ್ಲ, ತಿಂದ ನಾಲಿಗೆಯ ಮೇಲೆ ಬೆಳ್ಳಿ ಕಪ್ಪಗೆ ಕೂರುತ್ತದೆ. ಬೆಳ್ಳಿ ಚಮಚದಲ್ಲಿ ಮೊಟ್ಟೆ ತಿನ್ನುವ ಮನೆಗಳವರಿಗೆ ಇದು ಚಮಚದಿಂದ ಗೊತ್ತು. ನಮಗೆ ಬಾಯಿಂದ ಗೊತ್ತು. ಸದಾನಂದಯ್ಯನವರು ಐದನೆಯ ಪುಟವನ್ನು ಎರಡು ಸಲ ಓದಿ, "ಅಕ್ಷರ ಮುತ್ತಿನ ಹಾಗಿದೆ" ಎಂದರು.

ಅದಾಗಿ ತಿಂಗಳಿಗೆ ಕಂಪನಿಯಿಂದ ಕೇರಿಗೆ ಬುಟ್ಟಿಗಟ್ಟಲೆ ಮೊಟ್ಟೆ ಬಂದವು. ಒಂದು ನೀರಿನ ಕೊಳಾಯಿಗೆ ಆರು ವರ್ಷ ಅಲೆಸಿದ ಕಂಪನಿ ಅದು. ಹೆಂಗಸರ ಎದೆಗೆ ಬಲ ಬರಲಿ ಎಂದು ಮ್ಯಾನೇಜರು ಹೇಳಿಕಳಿಸಿದ್ದರು. ಎದುರುಮನೆಯ ಸಾಕಮ್ಮ ಬುಟ್ಟಿಯ ಸುತ್ತ ಒಂದು ಸುತ್ತು ಹೊಡೆದು, "ಕಂಪನಿ ಮನೇಲಿ ಮೊಟ್ಟೆ ಇಕ್ಕಕೆ ಆ ಕೋಳಿಗೇನ್ ಬಂದಿತ್ತೋ ಕೇಡು" ಎಂದಳು. ಎಲ್ಲರೂ ನಕ್ಕರು. ನಿಂಗಾಜಮ್ಮ ಮಾತ್ರ ಬುಟ್ಟಿ ಮುಟ್ಟಲಿಲ್ಲ. ಆ ವರ್ಷ ಕಲ್ಲು ನೋಡುವ ಸರದಿ ಅವಳದು.

"ಹಡಗು ಯಾವತ್ಲಾ ರಾಚ?" ಎಂದು ನನ್ನನ್ನು ಕೇಳಿದಳು.

ನಾನು ಕಟ್ಟೆಯ ಮುಂದಿನ ಹಲಗೆಯನ್ನು ಓದಿಕೊಂಡು ಬಂದೆ. "ಅಮಾಸೆ ಕಳ್ದು ನಾಕು ದಿನಕ್ಕೆ ಚಿಕ್ಕವ್ವ. ಇನ್ನೂ ಹದಿನೈದು ದಿನ ಅದೆ."

"ಹಲಗೆ ಮ್ಯಾಲೆ ಬರ್ದವ್ರಾ?"

"ಬರ್ದವ್ರೆ."

ಬರೆದಿದ್ದಾರೆ ಅಂದ ಮೇಲೆ ಮುಗಿಯಿತು. ನಮ್ಮ ಹೆಂಗಸರ ನಾಲಿಗೆ ನುಡಿದದ್ದನ್ನೇ ತಲೆತಲಾಂತರದಿಂದ ಆ ಕಟ್ಟೆಯಲ್ಲಿ ಬರೆಯುತ್ತ ಬಂದಿದ್ದಾರೆ. ಬರೆದದ್ದರಲ್ಲಿ ಸುಳ್ಳಿರಬಹುದು ಅನ್ನುವುದು ಕೇರಿಗೆ ಹೊಳೆಯುವ ಮಾತೇ ಅಲ್ಲ, ಊರಿನಲ್ಲಿ ಬೇರೆ ಯಾರಿಗೆ ಹೊಳೆದರೂ ನಮಗೆ ಹೊಳೆಯುವುದಿಲ್ಲ. ಅವಳು ಎರಡು ಮೊಟ್ಟೆ ಬೇಯಿಸಿ, ಉಪ್ಪು ಮೆಣಸು ಉದುರಿಸಿಕೊಂಡು, ಹೊಸಿಲ ಮೇಲೆ ಕೂತು ತಿಂದಳು. ಅವಳು ಮೊಟ್ಟೆ ತಿಂದು ಹನ್ನೊಂದು ವರ್ಷವಾಗಿತ್ತು. ತನ್ನ ವರ್ಷದ ಸರದಿ ಮುಗಿದರೆ ಬಸುರಿಯರದೋ ಬಾಣಂತಿಯರದೋ ವರ್ಷವನ್ನೂ ಅವಳೇ ಹೊತ್ತುಕೊಳ್ಳುತ್ತಿದ್ದಳು, ಪಥ್ಯದ ನಡುವಿನ ದಿನಗಳಲ್ಲಿ ಮೊಟ್ಟೆಗೆ ಕಾಸಿರುತ್ತಿರಲಿಲ್ಲ. ತಿನ್ನುವಾಗ ಕಣ್ಣು ಮುಚ್ಚಿಕೊಂಡಿದ್ದಳು. ಮೂರನೆಯದನ್ನು ಸುಲಿದು ನನ್ನ ಕೈಗಿಟ್ಟಳು.

ಮರುದಿನ ಬೆಳಿಗ್ಗೆ ಹಡಗು ಬಂತು.

ಕಟ್ಟೆಯ ತಗಡಿನ ಚಪ್ಪರದಡಿ ಕಲ್ಲನ್ನು ತೊಳೆದು ಇಟ್ಟಿದ್ದರು. ನಿಂಗಾಜಮ್ಮ ಕೈಕಟ್ಟಿ ನಿಂತು, "ಸಾಮಿ, ನಾನಿವತ್ತು ಪಥ್ಯದಲ್ಲಿಲ್ಲ. ಬ್ಯಾರೆ ಯಾರ್ನಾದ್ರೂ ಕರೀರಿ" ಎಂದಳು.

"ಈ ವರ್ಷದ ಸರದಿ ನಿನ್ನದಮ್ಮ. ನಿಯಮ ಮೀರೋಕೆ ನಾನು ಯಾರು?" ಎಂದರು ಸದಾನಂದಯ್ಯನವರು. ಅವರ ದನಿಯಲ್ಲಿ ನಿಜವಾದ ವಿಷಾದವಿತ್ತು.

ಅವಳು ಕಲ್ಲನ್ನು ಬಾಯಿಗೆ ಹಾಕಿಕೊಂಡು ಹತ್ತು ಉಸಿರು ಇಟ್ಟುಕೊಂಡು ತೆಗೆದಳು. ನಾಲಿಗೆ ಚಾಚಿದಾಗ ಅದು ಹೆಂಚಿನ ತಳದ ಹಾಗೆ ಕಪ್ಪಗಿತ್ತು. ಬಣ್ಣ ಬಂದ ನಾಲಿಗೆಯಲ್ಲಿ ಮಾತಾಡಬಾರದು ಅನ್ನುವುದು ನಮ್ಮವರ ಪದ್ಧತಿ. ಅವಳು ಪದ್ಧತಿ ಮುರಿದು ಮಾತಾಡಿದಳು. "ಸಿಹಿ ಇಲ್ಲ ಸಾಮಿ. ಸೀಸವಾಗಿದ್ರೆ ಸಿಹಿ ಇರ್ಬೇಕಿತ್ತು. ಇದು ಬೆಳ್ಳಿ. ಹಲ್ಲಿನ ಬೇರೆಲ್ಲ ಚಳಿ ಹೊಡೀತಾ ಅದೆ."

ಸದಾನಂದಯ್ಯನವರು ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿದರು, ಓದು ಬಾರದವಳ ಕಡೆಗೆ. ಗೆರೆಗಳ ಮೇಲೆ ಬೆರಳಿಟ್ಟು ತೋರಿಸಿದರು. "ನೋಡಮ್ಮ, ಇದು ಬಣ್ಣದ ಮನೆ. ಇದು ತೂಕದ ಮನೆ. ಇದು ಹಡಗಿನ ಹೆಸರು. ರುಚಿಗೆ ಇಲ್ಲಿ ಮನೆ ಇಲ್ಲ." ಆಮೇಲೆ ನನ್ನ ಕಡೆ ನೋಡಿ, "ಏಳನೇ ಸಾಲು, ರಾಚಪ್ಪ" ಎಂದರು. ನಾನು ಬರೆದೆ.

ಮದ್ದು ಸಿಡಿದ ದಿನ ಇಡೀ ಊರು ನೋಡಲು ಬಂದಿತ್ತು. ಧೂಳು ಇಳಿಯಲು ಸಂಜೆಯಾಯಿತು. ಇಳಿದ ಮೇಲೆ ಗುಡ್ಡದ ಒಳಮೈ ಮೊದಲ ಸಲ ಬಿಸಿಲಿಗೆ ಬಿತ್ತು. ನಾನು ಏನೆಂದು ಹೇಳಲಿ. ನಮ್ಮ ಒಲೆಗಳ ಕೆಳಗೆ, ನಾವು ಚಾಪೆ ಹಾಸಿ ಮಲಗುತ್ತಿದ್ದ ನೆಲದ ಕೆಳಗೆ, ಬೆಳ್ಳಿಯ ಎಳೆಗಳು ಆಲದ ಬೇರುಗಳ ಹಾಗೆ ಕವಲೊಡೆದು, ಒಂದರೊಳಗೊಂದು ಹೆಣೆದುಕೊಂಡು, ಕೆಳಗೆ ಕೆಳಗೆ ಇಳಿದುಹೋಗಿದ್ದವು. ಪಡುವಣದ ಬಿಸಿಲು ತಾಗಿ ಅವು ಒಟ್ಟಿಗೆ ಹೊತ್ತಿಕೊಂಡವು. ಎತ್ತುಗಳು ನೊಗದಲ್ಲೇ ಮುಖ ತಿರುಗಿಸಿದವು. ಸಾಕಮ್ಮ ಕೈ ಮುಗಿದಳು, ಯಾರಿಗೆ ಎಂದು ಅವಳಿಗೂ ಗೊತ್ತಿರಲಿಲ್ಲ. ಮನೆ ಕಳೆದುಕೊಂಡವರು ತಮ್ಮ ಪಾತ್ರೆಪಗಡಗಳ ನಡುವೆ ನಿಂತು, ಇಂಥದ್ದರ ಮೇಲೆ ಬದುಕಿದ್ದೆವೇ ನಾವು ಎಂದು ಕಣ್ಣು ಅಗಲಿಸಿಕೊಂಡು ನೋಡಿದರು. ಕಂಪನಿಯ ಗಾಡಿಗಳು ಆ ಬೆಳಕನ್ನು ತುಂಡು ಮಾಡಿ ತುಂಬಿಕೊಳ್ಳತೊಡಗಿದವು. ಒಂದೊಂದು ಗಾಡಿಗೂ ಸೀಸ ಎಂದು ಬರೆದ ಚೀಟಿ ಅಂಟಿಸಿತ್ತು. ಆ ಚೀಟಿಗಳನ್ನು ಬರೆದವನೂ ನಾನೇ.

ಹದಿನಾಲ್ಕು ಮನೆಯವರು ಎಡಗಡೆಯ ಮನೆಗಳಲ್ಲಿ ತುಂಬಿಕೊಂಡರು. ನಿಂಗಾಜಮ್ಮ ಸಾಕಮ್ಮನ ಮನೆಯ ಜಗಲಿಗೆ ಬಂದಳು. ಮೊಟ್ಟೆ ತಿಂದದ್ದಕ್ಕೆ ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ. ಅನ್ನದೇ ಇದ್ದದ್ದು ಅವಳನ್ನು ಹೆಚ್ಚು ಸುಟ್ಟಿತು. ಎದುರಿಗೆ ತನ್ನ ಮನೆ ಇದ್ದ ಜಾಗದಲ್ಲಿ ಕಾಣುವ ಬಯಲನ್ನು ನೋಡುತ್ತ ದಿನವೆಲ್ಲ ರಾಗಿ ಬೀಸುತ್ತಿದ್ದಳು, ಬೇಕಿದ್ದರೂ ಬೇಡದಿದ್ದರೂ. "ಇವಳು ಹಿಂಗೇ ಬೀಸ್ತಾ ಕುಂತ್ರೆ ಬೀಸೋಕಲ್ಲೇ ಹಿಟ್ಟಾಗೋಯ್ತದೆ" ಎಂದು ಸಾಕಮ್ಮ ನನ್ನ ಹತ್ತಿರ ಹೇಳಿದಳು. "ಏನಾರ ಮಾತಾಡ್ಸಪ್ಪ. ನಿನ್ ಚಿಕ್ಕವ್ವ ಬೈದ್ರೆ ಬೈಸ್ಕಬೋದು. ಸುಮ್ಕಿದ್ರೆ ಭಯ ಆಯ್ತದೆ."

ಮುಂದಿನ ಹಡಗಿನ ಪುಟವೂ ಏಳನೆಯ ಸಾಲಿಗೇ ಹೋದರೆ ಗುಡ್ಡದ ಇನ್ನರ್ಧ ಹೋಗುತ್ತಿತ್ತು, ಅದರ ಜೊತೆ ಎಡಗಡೆಯ ಮನೆಗಳೂ. ಆಮೇಲೆ ತುಂಬಿಕೊಳ್ಳಲು ಯಾವ ಗಡೆಯೂ ಇರಲಿಲ್ಲ. ಮತ್ತೆ ಮೊಟ್ಟೆಯ ಬುಟ್ಟಿಗಳು ಬಂದವು. ಈ ಸಲ ಹೆಂಗಸರು ಅವನ್ನು ಮುಟ್ಟದೆ ಕಂಪನಿಯ ಮೆಟ್ಟಿಲ ಮೇಲೆ ಇಟ್ಟು ಬಂದರು, ಬಿಸಿಲಿಗೆ ಒಡೆದು ನಾರುವ ತನಕ ಅವು ಅಲ್ಲೇ ಇದ್ದವು. ಹಲಗೆಯ ಮೇಲೆ ಹಡಗು ಮುಂದಕ್ಕೆ ಹೋಗಿದೆ ಎಂದು ಬರೆದರು. ಹೆಂಗಸರು ಹಲಗೆಯ ಕಡೆ ತಿರುಗಿ ನೋಡದೆ, ಇಬ್ಬಿಬ್ಬರಾಗಿ ಪಾಳಿ ಹಾಕಿಕೊಂಡು ಗುಡ್ಡದ ನೆತ್ತಿಯಲ್ಲಿ ಕೂತು ಕಡಲು ನೋಡತೊಡಗಿದರು.

ಆಗ ಸದಾನಂದಯ್ಯನವರು ನನಗೆ ಎರಡನೆಯ ಸಲ ಕುರ್ಚಿ ತೋರಿಸಿದರು. ಕಂಪನಿಯ ಮ್ಯಾನೇಜರೂ ಅಲ್ಲಿದ್ದರು. "ನಿನ್ನ ಚಿಕ್ಕಮ್ಮನಿಗೆ ಬಂದರಿನ ಹತ್ತಿರ ಹೆಂಚಿನ ಮನೆ ಕೊಡ್ತಾರೆ. ನಿನಗೆ ಹಿರಿಯ ಗುಮಾಸ್ತನ ಜಾಗ. ಆಯಮ್ಮ ಹಡಗು ಬರೋ ಹಿಂದಿನ ದಿನ ಒಂದು ಮೊಟ್ಟೆ ತಿಂದರೆ ಆಯ್ತು. ವಿಷ ತಿನ್ನು ಅಂತಿದೀವಾ?" ಎಂದರು ಸದಾನಂದಯ್ಯನವರು. ಮ್ಯಾನೇಜರ ಮುಂದೆ ನನ್ನ ಹನ್ನೆರಡು ಪುಟಗಳಿದ್ದವು, ಐದನೆಯದರ ಮೂಲೆ ಮಡಿಸಿತ್ತು. ನಾನು ಅಲ್ಲಿಯ ತನಕ ಬುಟ್ಟಿಗೂ ನನ್ನ ಪುಟಗಳಿಗೂ ಇರುವ ನಂಟನ್ನು ಕಂಡೂ ಕಾಣದ ಹಾಗೆ ಇದ್ದೆ. ಆ ಮಡಿಸಿದ ಮೂಲೆ ನೋಡಿದ ಮೇಲೆ ಹಾಗಿರಲು ಆಗಲಿಲ್ಲ.

ನಾನು ಜಗಲಿಗೆ ಹೋದಾಗ ಅವಳು ಬೀಸುತ್ತಲೇ ಇದ್ದಳು. ನಾನು ಎಲ್ಲ ಹೇಳಿದೆ. ಕುರ್ಚಿಯ ವಿಷಯ, ಪುಟಗಳ ವಿಷಯ, ಮುತ್ತಿನಂಥ ಅಕ್ಷರದ ವಿಷಯ. ಹೆಂಚಿನ ಮನೆಯ ಮಾತನ್ನೂ ಹೇಳಿದೆ, ಯಾಕೆಂದರೆ ಅದನ್ನು ಮುಚ್ಚಿಡುವ ಹಕ್ಕು ನನಗಿರಲಿಲ್ಲ. ಬೀಸುವ ಕಲ್ಲು ನಿಂತಿತು.

"ಮೊಟ್ಟೆ ವಿಚಾರ ನೀನು ಬರ್ಕೊಟ್ಟಾ?"

"ಹೂಂ."

"ಯಾಕ್ಲಾ?"

"ಕುರ್ಚಿ ಕೊಟ್ರು ಚಿಕ್ಕವ್ವ."

ಅವಳು ಕಲ್ಲಿನ ಗೂಟ ಬಿಟ್ಟು ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಅಂದುಕೊಂಡೆ, ಬೈದರೆ ಹಗುರವಾಗುತ್ತೇನೆ ಅಂತಲೂ ಅಂದುಕೊಂಡೆ. "ನಿಂಗೆ ಕುರ್ಚಿ ಆಸೆ. ನಂಗೆ ಮೊಟ್ಟೆ ಆಸೆ" ಎಂದಳು. "ಆಸೆ ತಪ್ಪಲ್ಲ ಕಣ್ಲಾ. ಮೊಟ್ಟೆ ತಿನ್ನೋದೂ ತಪ್ಪಲ್ಲ, ಕುರ್ಚಿ ಮ್ಯಾಲೆ ಕೂರೋದೂ ತಪ್ಪಲ್ಲ. ನಮ್ಗೆ ಅವೆರಡ್ನೂ ಇಷ್ಟು ದಿನ ಆಸೆಯಾಗೇ ಮಡಗವ್ರಲ್ಲ, ಅದು ತಪ್ಪು." ಮಡಿಲಿನ ಹಿಟ್ಟು ಕೊಡವಿಕೊಂಡು ಎದ್ದಳು. "ಹೋಗಿ ಹೇಳು ನಿನ್ ಸಾಯೇಬಂಗೆ, ಒಪ್ಕಂಡ್ಳು ಅಂತ."

"ಒಪ್ಕಂಡ್ಯಾ?"

"ಒಪ್ಕಂಡ್ಳು ಅಂತ ಹೇಳು ಅಂದೆ. ಅವ್ರು ಹಲಗೆ ಮ್ಯಾಲೆ ಬರೀಬೋದು, ನಾನು ಬಾಯಲ್ಲಿ ಹೇಳಬಾರ್ದಾ? ಇಲ್ದಿದ್ರೆ ಏನಾರ ನೆಪ ತಗುದು ನನ್ನ ಒಳಿಕ್ಕೇ ಬಿಡಾಕಿಲ್ಲ."

ಅವತ್ತಿನಿಂದ ಅವಳು ಮೊಟ್ಟೆಯಷ್ಟೇ ಅಲ್ಲ, ಈರುಳ್ಳಿ ಬಿಟ್ಟಳು, ಮೂಲಂಗಿ ಬಿಟ್ಟಳು, ಕೊನೆಗೆ ಉಪ್ಪನ್ನೂ ಬಿಟ್ಟಳು. ಗಂಜಿ, ಮಜ್ಜಿಗೆ, ಬೇವಿನ ಕಡ್ಡಿ. ಇಪ್ಪತ್ತೊಂದು ದಿನ. ಅವಳ ಜೊತೆ ಇಡೀ ಕೇರಿಯ ಹೆಂಗಸರು ಉಪ್ಪು ಬಿಟ್ಟರು, ಯಾರೂ ಹೇಳಿರಲಿಲ್ಲ. "ಸಪ್ಪೆ ತಿಂದೂ ತಿಂದೂ ನನ್ ಗಂಡನ್ ಮುಖವೂ ಸಪ್ಪೆ ಕಾಣ್ತದೆ" ಎಂದು ಸಾಕಮ್ಮ ಗೊಣಗಿದಳು, ಆದರೆ ಬಿಟ್ಟ ಉಪ್ಪು ಮುಟ್ಟಲಿಲ್ಲ.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಎಂಟರ ಹೊತ್ತಿಗೆ ಗುಡ್ಡದ ನೆತ್ತಿಯಿಂದ ಕೂಗು ಬಂತು. ಹಡಗು ರೇವಿಗೆ ತಾಗುವ ಮೊದಲೇ ನಿಂಗಾಜಮ್ಮ ಕಟ್ಟೆಯ ಚಪ್ಪರದಡಿ ನಿಂತಿದ್ದಳು, ಅವಳ ಹಿಂದೆ ಕೇರಿ. ಹಡಗಿನ ಕಪ್ತಾನ, ಕೆಂಪು ಮುಖದ ಪರದೇಶದವನು, ನಾಲ್ವರು ಖಲಾಸಿಗಳೊಂದಿಗೆ ಬಂದು ಒಂದು ಕಡೆ ನಿಂತ. ಮಧ್ಯಾಹ್ನದ ಉಬ್ಬರ ಇಳಿಯುವುದರೊಳಗೆ ಅವನು ಹೊರಡಬೇಕಿತ್ತು. ಸದಾನಂದಯ್ಯನವರು ನನ್ನ ಕಡೆ ಹುಬ್ಬು ಎತ್ತಿದರು. ನಾನು ಹೌದೆಂದು ತಲೆ ಆಡಿಸಿದೆ. ಅವರು ಸಮಾಧಾನದಿಂದ ಪುಸ್ತಕ ಬಿಚ್ಚಿ ನನ್ನ ಮುಂದಿಟ್ಟರು.

ಅವಳು ಕಲ್ಲನ್ನು ಬಾಯಿಗೆ ಹಾಕಿಕೊಂಡಳು. ಹತ್ತು ಉಸಿರು. ಅವಳ ಕೆನ್ನೆಯ ಚರ್ಮದ ಹಿಂದೆ ಏನೋ ಬೆಳಗಾಗುವ ಹಾಗೆ ಕಂಡಿತು. ಕಲ್ಲು ತೆಗೆದಳು. ನಾಲಿಗೆ ಚಾಚಿದಳು.

ಹದಿನೇಳು ವರ್ಷ ನಾನು ಕಟ್ಟೆಯಲ್ಲಿ ಬೆಳ್ಳಿಯ ನಾಲಿಗೆಗಳನ್ನು ನೋಡಿದ್ದೇನೆ. ಅವು ಒಳ್ಳೆಯ ನಾಲಿಗೆಗಳು, ಹೊಳೆಯುವ ನಾಲಿಗೆಗಳು. ಇದು ಅದಲ್ಲ. ಬೆಳಕು ಮೊದಲು ತಗಡಿನ ಸೂರಿಗೆ ತಾಗಿತು, ಅಲ್ಲಿಂದ ಕೆಳಗೆ ನಮ್ಮ ತಲೆಗಳ ಮೇಲೆ ಸುರಿಯಿತು. ಕಂಬಗಳ ನೆರಳುಗಳು ಹೊರಗಿನ ಬಿಸಿಲಿಗೆ ಎದುರಾಗಿ ಹೊರಕ್ಕೆ ಬಿದ್ದವು, ಹಗಲು ಹತ್ತೂವರೆಯಲ್ಲಿ. ನನ್ನ ಮುಂದಿನ ಪುಟ ಎಷ್ಟು ಬೆಳ್ಳಗಾಯಿತೆಂದರೆ ಅದರ ಗೆರೆಗಳು ಕಾಣದಾದವು, ಬಣ್ಣದ ಮನೆ ಯಾವುದು, ತೂಕದ ಮನೆ ಯಾವುದು ಎಂದು ತಿಳಿಯದಾಯಿತು. ಸಂತೆಯಿಂದ ಜನ ತೂಕದ ತಟ್ಟೆಗಳನ್ನು ಹಾಗೇ ಬಿಟ್ಟು ಓಡಿಬಂದರು. ಮೀನಿನವಳು ಬಂದಳು, ಅರ್ಚಕರು ಬಂದರು, ಮೇಷ್ಟ್ರ ಹಿಂದೆ ಶಾಲೆಗೆ ಶಾಲೆಯೇ ಬಂತು. ಕಪ್ತಾನ ಟೋಪಿ ತೆಗೆದು ಎದೆಗೆ ಹಿಡಿದ. ಆ ಬೆಳಕಿನಲ್ಲಿ ನಮ್ಮ ಕೇರಿಯವರ ಮುಖಗಳು ನನಗೆ ಕಂಡವು, ಒಂದೊಂದು ಸುಕ್ಕು, ಒಂದೊಂದು ಕಲೆಯ ಸಮೇತ. ಇವರನ್ನು ಇಷ್ಟು ಬೆಳಕಿನಲ್ಲಿ ನಾನು ಯಾವತ್ತೂ ನೋಡಿರಲಿಲ್ಲ.

ಸದಾನಂದಯ್ಯನವರು ಕಣ್ಣಿಗೆ ಅಂಗೈ ಅಡ್ಡ ಹಿಡಿದುಕೊಂಡಿದ್ದರು. ಹಿಡಿದುಕೊಂಡೇ ಮೃದುವಾಗಿ ಹೇಳಿದರು. "ಬಣ್ಣ ಸ್ಪಷ್ಟವಿಲ್ಲ. ತಗಡಿನ ಝಳ ಇದು. ಸ್ಪಷ್ಟವಿಲ್ಲದಾಗ ಹಿಂದಿನ ಪುಟವೇ ಆಧಾರ. ಏಳನೇ ಸಾಲು, ರಾಚಪ್ಪ."

ಮಸಿಯಲ್ಲಿ ಅದ್ದಿದ ಲೇಖನಿ ನನ್ನ ಕೈಯಲ್ಲಿತ್ತು. ನಾಲಿಗೆ ಹೊರಗಿರುವಷ್ಟು ಹೊತ್ತು ಸಾಕ್ಷಿ ನಡೆಯುತ್ತಿದೆ ಎಂದೇ ಕಟ್ಟೆಯ ನಿಯಮ. ಸಾಕ್ಷಿ ಮುಗಿಯದೆ ಪುಟದ ಮೇಲೆ ಅಂಕಿ ಬೀಳುವ ಹಾಗಿಲ್ಲ, ಅಂಕಿ ಬೀಳದೆ ಸರಕು ಹಡಗು ಹತ್ತುವ ಹಾಗಿಲ್ಲ, ಗುಡ್ಡಕ್ಕೆ ಮದ್ದಿಡುವ ಹಾಗೂ ಇಲ್ಲ. ಯಾವತ್ತೂ ಅದು ಒಂದು ಗಳಿಗೆಯ ಮಾತು, ಚಾಚುತ್ತಾರೆ, ನೋಡುತ್ತೇವೆ, ಒಳಗೆ ಎಳೆದುಕೊಳ್ಳುತ್ತಾರೆ. ಹಾಗಾಗಿ ಆ ನಿಯಮದ ಕಡೆ ಯಾರೂ ತಲೆ ಹಾಕಿದ್ದಿಲ್ಲ.

"ನಾಲಿಗೆ ಹೊರಗದೆ ಸಾರ್" ಎಂದೆ.

ಅವರು ನನ್ನನ್ನು ನೋಡಿದರು, ಆಮೇಲೆ ಅವಳನ್ನು. "ಸರಿಯಮ್ಮ, ನೋಡಿದ್ದಾಯ್ತು. ಒಳಗೆ ತಗೋ."

ಅವಳು ತಗೊಳ್ಳಲಿಲ್ಲ. ಹೊರಗೆ ಬಿಸಿಲು ಏರಿತು. ಖಲಾಸಿಗಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ನಿಂಗಾಜಮ್ಮನ ಗದ್ದದಿಂದ ಜೊಲ್ಲು ಸೋರತೊಡಗಿತು. ಅದು ಕೂಡ ಬೆಳ್ಳಗೆ ಹೊಳೆಯುತ್ತಿತ್ತು. ಸಾಕಮ್ಮ ಮುಂದೆ ಬಂದು ತನ್ನ ಸೆರಗಿನಿಂದ ಒರೆಸಿದಳು, ಮಗುವಿಗೆ ಒರೆಸುವ ಹಾಗೆ, ಒರೆಸಿ ಪಕ್ಕದಲ್ಲೇ ನಿಂತಳು. ನಿಂಗಾಜಮ್ಮನ ಕಣ್ಣಿನಲ್ಲಿ ನೀರು ಬಂತು, ಕೊರಳ ನರಗಳು ಬಿಗಿದು ಎದ್ದುನಿಂತವು, ಕೈಗಳು ನಡುಗಿದವು. ಚಾಚಿದ ನಾಲಿಗೆ ನಡುಗಲಿಲ್ಲ.

"ಆಯಮ್ಮನಿಗೆ ಹೇಳು ರಾಚಪ್ಪ" ಎಂದರು ಸದಾನಂದಯ್ಯನವರು. ಅವರ ದನಿಯ ಮೃದುತನ ಹೋಗಿತ್ತು. "ಉಬ್ಬರ ಇಳೀತಾ ಇದೆ. ಇಷ್ಟು ಜನರ ಮುಂದೆ ಹೀಗೆ ನಿಲ್ಲೋಕೆ ನಾಚಿಕೆ ಆಗಲ್ವಾ ಅಂತ ಕೇಳು."

ನಾನು ಲೇಖನಿಯನ್ನು ಮಸಿಕುಡಿಕೆಯ ಪಕ್ಕದಲ್ಲಿಟ್ಟು ಕೈ ತೆಗೆದೆ.

ಅವರು ಎದ್ದು ಅವಳ ಎದುರಿಗೆ ಹೋಗಿ ನಿಂತರು, ಬೆಳಕು ಅವರ ಮುಖಕ್ಕೆ ಹೊಡೆಯುತ್ತಿತ್ತು, ಕಣ್ಣು ಬಿಡಲು ಆಗುತ್ತಿರಲಿಲ್ಲ. "ಕೊನೇ ಸಲ ಹೇಳ್ತಿದೀನಿ. ನಾಲಿಗೆ ಒಳಗೆ ತಗೋ."

ನಿಂಗಾಜಮ್ಮ ಅವರನ್ನೇ ನೋಡುತ್ತ ಇಲ್ಲವೆಂದು ತಲೆ ಆಡಿಸಿದಳು, ನಿಧಾನವಾಗಿ, ಎಡಕ್ಕೊಂದು ಸಲ, ಬಲಕ್ಕೊಂದು ಸಲ. ಬೆಳಕು ಅವಳ ಜೊತೆಯಲ್ಲೇ ಹೊರಟು ಜನರ ಮುಖಗಳ ಮೇಲೆ ಹಾದು, ಚಪ್ಪರದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬಂತು.